ಅಮ್ಮನಿಗೆ, ದೀನಳ ವಿಷಯ

ನ್ಯೂಟನ್, ಮ್ಯಾಸಚೂಸೆಟ್ಸ್

ಪ್ರೀತಿಯ ಅಮ್ಮ,

ಅವತ್ತು ಫೋನಿನಲ್ಲಿ ದೀನಳ ಮೇಲಿನ ಕಾದಂಬರಿಯ ಮಾತು ಬಂದಾಗ "ಸತ್ಯವೇದದಲ್ಲಿ ಇಲ್ಲದ್ದನ್ನು ಬರೆಯೋದಕ್ಕೆ ಅವಳು ಯಾರು?" ಅಂತ ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ ನೋಡು. ಅಪ್ಪನಿಗೂ ಅಕ್ಕನಿಗೂ ಓದಿ ಹೇಳು. ನಾವೆಲ್ಲ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ, ನನಗೆ ಈ ವಾರ ನೈಟ್ ಡ್ಯೂಟಿ. ಅಷ್ಟೇ ಸುದ್ದಿ. ಇನ್ನು ಪುಸ್ತಕದ ವಿಷಯ.

ಪುಸ್ತಕದ ಹೆಸರು 'ದಿ ರೆಡ್ ಟೆಂಟ್'. ಬರೆದವರು ಅನಿತಾ ಡಯಮಂಟ್, ಈ ಬಾಸ್ಟನ್ ಕಡೆಯವರೇ, ಯೆಹೂದಿ. 1997ರಲ್ಲಿ ಬಂದಾಗ ಯಾರೂ ಹೆಚ್ಚು ಕೊಂಡಿರಲಿಲ್ಲವಂತೆ. ಉಳಿದ ಪ್ರತಿಗಳನ್ನು ಪ್ರಕಾಶಕರು ರದ್ದಿಗೆ ಹಾಕಲು ಹೊರಟಿದ್ದರು. ಅದರ ಬದಲು ಯೆಹೂದಿ ಧರ್ಮಗುರುಗಳಾದ ರಬ್ಬಿಗಳಿಗೆ ಸುಮ್ನೆ ಹಂಚಿಬಿಡಿ ಅಂತ ಈಕೆ ಕೇಳಿಕೊಂಡರು. ಅವರು ಓದಿ ತಮ್ಮ ಸಭೆಯವರಿಗೆ ಹೇಳಿದರು. ಆಮೇಲೆ ಹೆಂಗಸರ ಬಾಯಿಂದ ಬಾಯಿಗೆ ಹೋಗಿ ಲಕ್ಷಗಟ್ಟಲೆ ಮಾರಾಟವಾಯಿತು. 2014ರಲ್ಲಿ ಟೀವಿಯಲ್ಲೂ ಬಂತು. ಈಗ ನಮ್ಮ ಲೈಬ್ರರಿಯ ಓದುಗರ ಕೂಟಕ್ಕೆ ಬಂದಿದೆ, ಅಲ್ಲಿಂದ ನನ್ನ ಕೈಗೆ.

ಕತೆ ಯಾಕೋಬನ ಮಗಳು ದೀನಳದ್ದು. ಸತ್ಯವೇದದ, ಅಂದರೆ ಬೈಬಲ್ಲಿನ, ಮೊದಲ ಪುಸ್ತಕ ಆದಿಕಾಂಡದ 34ನೇ ಅಧ್ಯಾಯ. ನೀನು ಸಂಡೆ ಸ್ಕೂಲಿನಲ್ಲಿ 33ರಿಂದ ನೇರ 35ಕ್ಕೆ ಹಾರುತ್ತಿದ್ದೆಯಲ್ಲ, ಆ ಅಧ್ಯಾಯ. ಹಿಂದಿನ ಬೆಂಚಿನಲ್ಲಿ ಕೂತು ನಾವೆಲ್ಲ ಅದನ್ನೇ ಓದುತ್ತಿದ್ದೆವು, ನಿನಗೂ ಗೊತ್ತಿತ್ತು ಅನ್ಕೋತೀನಿ. ಮೊನ್ನೆ ಮತ್ತೆ ಓದಿದೆ. ದೀನ ಆ ದೇಶದ ಹೆಂಗಸರನ್ನು ನೋಡೋಕೆ ಹೋಗುತ್ತಾಳೆ. ಅಲ್ಲಿನ ಒಡೆಯ ಹಮೋರನ ಮಗ ಶೆಕೆಮ ಅವಳನ್ನು ಹಿಡಿದು ಕೆಡಿಸುತ್ತಾನೆ. ಆಮೇಲೆ ಅವಳ ಮೇಲೆ ಮನಸ್ಸಿಟ್ಟು ಮದುವೆ ಮಾಡಿಕೊಡಿ ಅಂತಾನೆ. ಊರಿನ ಗಂಡಸರೆಲ್ಲ ಸುನ್ನತಿ ಮಾಡಿಸಿಕೊಂಡರೆ ಸರಿ ಅಂತಾರೆ ಅಣ್ಣಂದಿರು. ಅವರು ಪಾಪ ಒಪ್ಪಿ ಮಾಡಿಸಿಕೊಳ್ಳುತ್ತಾರೆ. ಮೂರನೇ ದಿನ, ನೋವಿನಲ್ಲಿ ಮಲಗಿರುವಾಗ, ಅವಳ ಅಣ್ಣಂದಿರಾದ ಸಿಮೆಯೋನ ಮತ್ತು ಲೇವಿ ಕತ್ತಿ ಹಿಡಿದು ಬಂದು ಗಂಡಸರೆಲ್ಲರನ್ನೂ ಕೊಲ್ಲುತ್ತಾರೆ. ಶೆಕೆಮನ ಮನೆಯಿಂದ ದೀನಳನ್ನು ಕರೆದುಕೊಂಡು ಹೋಗುತ್ತಾರೆ. ಒಟ್ಟು 31 ವಚನ. ಅಪ್ಪ ಮಾತಾಡುತ್ತಾನೆ, ಅಣ್ಣಂದಿರು ಮಾತಾಡುತ್ತಾರೆ, ಹಮೋರ, ಶೆಕೆಮ ಇಬ್ಬರೂ ಮಾತಾಡುತ್ತಾರೆ. ದೀನಳದ್ದು ಒಂದೇ ಒಂದು ಮಾತಿಲ್ಲ. ಆಮೇಲೆ 46ನೇ ಅಧ್ಯಾಯದಲ್ಲಿ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋದವರ ಪಟ್ಟಿಯಲ್ಲಿ ಹೆಸರು ಬರುತ್ತೆ. ಮುಗೀತು.

ಕಾದಂಬರಿಯಲ್ಲಿ ದೀನಳೇ ಕತೆ ಹೇಳುತ್ತಾಳೆ. ಯಾಕೋಬನ ಹೆಂಡತಿಯರಾದ ಲೇಯ, ರಾಹೇಲ, ಜಿಲ್ಪ, ಬಿಲ್ಹ ನಾಲ್ವರೂ ಅವಳಿಗೆ ತಾಯಂದಿರೇ. ರಾಹೇಲ ಸೂಲಗಿತ್ತಿ, ದೀನ ಅವಳ ಕೈಕೆಳಗೆ ಕಲಿಯುತ್ತಾಳೆ. ಶೆಕೆಮ್ ಅನ್ನುವ ಆ ಊರಿನ ಅರಮನೆಗೆ ಒಂದು ಹೆರಿಗೆಗೆ ಹೋದಾಗ ಅಲ್ಲಿನ ರಾಜಕುಮಾರನನ್ನು ನೋಡುತ್ತಾಳೆ. ಪ್ರೀತಿ. ಬಲಾತ್ಕಾರ ಇಲ್ಲವೇ ಇಲ್ಲ. ಅಣ್ಣಂದಿರು ಗಂಡನನ್ನು ಕೊಂದ ಮೇಲೆ ಅವಳು ಅಪ್ಪನಿಗೂ ಅವರಿಗೂ ಶಾಪ ಹಾಕಿ, ಅತ್ತೆಯ ಜೊತೆ ಐಗುಪ್ತಕ್ಕೆ ಹೋಗಿ, ಮಗನನ್ನು ಹೆತ್ತು, ಅಲ್ಲೇ ಸೂಲಗಿತ್ತಿಯಾಗುತ್ತಾಳೆ.

ಕೂಟದಲ್ಲಿ ಇದರ ಮೇಲೆ ನಡೆದ ಜಗಳ ನೀನು ನೋಡಬೇಕಿತ್ತು ಅಮ್ಮ. ಅದರಲ್ಲೂ ಒಬ್ಬೊಬ್ಬರದು ಒಂದೊಂದು ಜಗಳ. ಬ್ಯಾಪ್ಟಿಸ್ಟ್ ಸಭೆಯ ಹೆಂಗಸೊಬ್ಬರು ಪುಸ್ತಕವನ್ನು ಅರ್ಧಕ್ಕೇ ಮುಚ್ಚಿಟ್ಟು ಬಂದಿದ್ದರು. ಅವರ ಸಿಟ್ಟು ದೀನಳ ಪ್ರೀತಿಯ ಮೇಲಲ್ಲ. ಯಾಕೋಬನ ಹೆಂಡತಿಯರು ಬೇರೆ ದೇವತೆಗಳಿಗೆ ನೈವೇದ್ಯ ಇಡುತ್ತಾರೆ, ಅದು ಹೇಗೆ ಸರಿ ಅಂತ. ಆಗ ಇನ್ನೊಬ್ಬರು, ರಾಹೇಲ ಅಪ್ಪನ ಮನೆದೇವರುಗಳನ್ನು ಕದ್ದು ಒಂಟೆಯ ಜೀನಿನೊಳಗೆ ಇಟ್ಟು ಅದರ ಮೇಲೆ ಕೂತಿದ್ದು ಸತ್ಯವೇದದಲ್ಲೇ ಇದೆಯಲ್ಲ ಅಂದರು. ನಿಜ ಅಲ್ವಾ, 31ನೇ ಅಧ್ಯಾಯ. ನಾನು ಮುಟ್ಟಾಗಿದ್ದೇನೆ, ಏಳೋಕೆ ಆಗಲ್ಲ ಅಂತ ಅಪ್ಪ ಲಾಬಾನನಿಗೇ ಮಂಕುಬೂದಿ ಎರಚಿದಳು. ಅದನ್ನೂ ನೀನು ಹಾರಿಸುತ್ತಿದ್ದೆ. ಬ್ಯಾಪ್ಟಿಸ್ಟ್ ಅಮ್ಮ ಒಪ್ಪಲಿಲ್ಲ. ಅವರಿಗೆ ಫ್ರಾನ್ಸಿನ್ ರಿವರ್ಸ್ ಬರೆಯುವ ರೀತಿ ಇಷ್ಟ. ಮತ್ತಾಯನ ಮೊದಲ ಅಧ್ಯಾಯದ ಯೇಸುವಿನ ವಂಶಾವಳಿಯಲ್ಲಿ ಬರುವ ತಾಮಾರ, ರಾಹಾಬ, ರೂತ್, ಬತ್ಷೆಬೆ, ಮರಿಯ, ಈ ಐವರ ಮೇಲೂ ಆಕೆ ಒಂದೊಂದು ಕಿರುಕಾದಂಬರಿ ಬರೆದಿದ್ದಾರೆ. ವೇದದ ಮಾತನ್ನು ಮೀರದೆ ಬರೆದದ್ದು. ನಿನಗೂ ಅದೇ ಹಿಡಿಸುತ್ತೆ ಅನ್ಸುತ್ತೆ.

ಇನ್ನೂ ಕೆಲವರಿಗೆ ಕತೆಗಿಂತ ಆ ಗುಡಾರವೇ ಹುಚ್ಚು ಹಿಡಿಸಿದೆ. ಅಮಾವಾಸ್ಯೆಯ ಹೊತ್ತಿಗೆ ಮುಟ್ಟಾದ ಹೆಂಗಸರೆಲ್ಲ ಕೆಂಪು ಗುಡಾರದಲ್ಲಿ ಮೂರು ದಿನ ಕೂತು ಕತೆ ಹೇಳಿಕೊಂಡು ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಸತ್ಯವೇದದಲ್ಲಿ ಅಂಥ ಗುಡಾರ ಎಲ್ಲೂ ಇಲ್ಲ, ಅದು ಲೇಖಕಿಯದೇ. ಆದರೂ ಪುಸ್ತಕ ಓದಿದ ಮೇಲೆ ಇಲ್ಲಿ ಹೆಂಗಸರು ಕೆಂಪು ಬಟ್ಟೆ ಕಟ್ಟಿ ನಿಜವಾಗಿಯೇ ಅಂಥ ಕೂಟ ಮಾಡೋಕೆ ಶುರು ಮಾಡಿದ್ದಾರೆ. ಎಷ್ಟು ಚೆಂದ, ನಮಗೂ ಇರಬೇಕಿತ್ತು ಅಂತ ಒಬ್ಬರು ಕಣ್ಣರಳಿಸಿ ಹೇಳಿದಾಗ ನನಗೆ ನಮ್ಮ ಪಕ್ಕದ ಮನೆಯ ಜಗಲಿ ನೆನಪಾಯಿತು. ಆ ಮನೆಯ ಹುಡುಗಿಗೆ ಕಾಗೆ ಮುಟ್ಟಿದೆ ಅಂದರೆ ಮೂರು ದಿನ ಆ ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ನಾನು ಹೋಗಿ ಆಚೆ ಕಡೆ ಕೂರುತ್ತಿದ್ದೆ. ನಮ್ಮಲ್ಲಿ ಆ ಪದ್ಧತಿ ಇರಲಿಲ್ಲವಲ್ಲ, ನಿನಗೇನಮ್ಮ ಅಂತ ಅವಳ ಅಜ್ಜಿ ನಗುತ್ತಿದ್ದರು. ಇದನ್ನು ಕೂಟದಲ್ಲಿ ಹೇಳಿದೆ. ಚಿತ್ರದುರ್ಗ, ತುಮಕೂರು ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನೂ, ಊರ ಹೊರಗಿನ ಗುಡಿಸಲಿಗೆ ಕಳಿಸುವುದನ್ನೂ ಹೇಳಿದೆ. ಆದರೆ ಕಾದಂಬರಿಯಲ್ಲಿ ಅವರು ಖುಷಿಯಾಗಿದ್ದಾರಲ್ಲ ಅಂದರು. ಜಗಲಿಯಲ್ಲೂ ಖುಷಿ ಇತ್ತು ಅಂದೆ. ಇಬ್ಬರೂ ಚಂದಮಾಮ ಓದುತ್ತಿದ್ದೆವು. ಅಡುಗೆಮನೆಯಿಂದ ಬಿಡುವು ಸಿಕ್ಕೋದು ಆ ಮೂರು ದಿನವೇ ಅಂತ ಅವಳ ಅಮ್ಮನೂ ಹೇಳುತ್ತಿದ್ದರು. ಆದರೆ ಕೂತುಕೊಳ್ತೀಯಾ ಅಂತ ಅವಳನ್ನು ಯಾರೂ ಕೇಳಿರಲಿಲ್ಲ.

ನನಗೆ ಪುಸ್ತಕದಲ್ಲಿ ತುಂಬಾ ಹಿಡಿಸಿದ್ದು ಹೆರಿಗೆಗಳು. ವಾರ್ಡಿನಲ್ಲಿ ಕೆಲಸ ಮಾಡುವವಳಿಗೆ ಅದು ಬಿಟ್ಟು ಇನ್ನೇನು ಹಿಡಿಸುತ್ತೆ ಅಂತೀಯಾ. ಇಟ್ಟಿಗೆಗಳ ಮೇಲೆ ಕಾಲಿಟ್ಟು ಕುಕ್ಕರುಗಾಲಲ್ಲಿ ಕೂತು ಹೆರುತ್ತಾರೆ, ಹಿಂದಿನಿಂದ ಒಬ್ಬಳು ಕಂಕುಳಿಗೆ ಕೈಹಾಕಿ ಹಿಡಿದುಕೊಂಡಿರುತ್ತಾಳೆ. ಕಟ್ಟುಕತೆ ಅಲ್ಲ ಇದು. ಐಗುಪ್ತದ ಅಬೈಡೋಸ್‌ನಲ್ಲಿ 2001ರಲ್ಲಿ ಅಂಥ ಒಂದು ಹೆರಿಗೆ ಇಟ್ಟಿಗೆ ಸಿಕ್ಕಿದೆ, ಸುಮಾರು 3,700 ವರ್ಷ ಹಳೆಯದು. ಮಗುವನ್ನು ಎತ್ತಿಕೊಂಡ ತಾಯಿ, ಪಕ್ಕದಲ್ಲಿ ಹೆರಿಗೆ ಮಾಡಿಸಿದವರು, ಎಲ್ಲ ಅದರ ಮೇಲೆ ಬರೆದಿದೆ. ನಮ್ಮ ವಾರ್ಡಿನಲ್ಲೂ ಕೂತು ಹೆರೋದಕ್ಕೆ ಗಿಡ್ಡ ಸ್ಟೂಲ್ ಇಟ್ಟಿದ್ದೇವೆ. ಮಲಗಿಸಿಯೇ ಹೆರಿಸಬೇಕು ಅಂತ ಯಾವಾಗ ಯಾರು ಶುರು ಮಾಡಿದರೋ!

ಈಗ ದೊಡ್ಡ ಜಗಳ. ಕೂಟದ ಅತಿ ಚಿಕ್ಕವಳು, ಸಮಾಜ ಸೇವೆಯ ಕೆಲಸದವಳು, ಕೈ ನಡುಗುವಷ್ಟು ಸಿಟ್ಟಾಗಿದ್ದಳು. ಇಡೀ ಸತ್ಯವೇದದಲ್ಲಿ ಇಂಥ ಅನ್ಯಾಯ ಹೆಸರು ಸಮೇತ ದಾಖಲಾಗಿರೋದು ಬೆರಳೆಣಿಕೆಯಷ್ಟು ಹೆಂಗಸರದ್ದು, ಅದರಲ್ಲೂ ಒಬ್ಬಳದನ್ನು ತೆಗೆದು ಪ್ರೇಮಕತೆ ಮಾಡಿದ್ದಾರೆ ಅಂದಳು. ನಾನು ಅವಳ ಕಡೆಗೇ ವಾಲಿದೆ. ನಮ್ಮಲ್ಲಿ ಬರುವ ಪ್ರತಿ ಗರ್ಭಿಣಿಯನ್ನೂ, ಗಂಡ, ಅತ್ತೆ ಯಾರೂ ಪಕ್ಕದಲ್ಲಿ ಇಲ್ಲದಾಗ, ಮನೆಯಲ್ಲಿ ನಿಮಗೆ ಯಾರದಾದರೂ ಭಯ ಇದೆಯಾ ಅಂತ ಕೇಳುತ್ತೇವೆ. ಜಾಸ್ತಿ ಜನ ಇಲ್ಲ ಅಂತಾರೆ. ಕೆಲವರು ಮೊದಲ ಸಲ ಇಲ್ಲ ಅಂದು, ಬಿಪಿ ನೋಡುವಾಗ ಮೆಲ್ಲಗೆ ಹೌದು ಅಂತಾರೆ.

ಆಗ ಯೆಹೂದಿ ಅಜ್ಜಿಯೊಬ್ಬರು ಬಾಯಿ ತೆರೆದರು. ಎಂಬತ್ತು ದಾಟಿದೆ, ಮಾತು ಮಾತ್ರ ಕತ್ತರಿ. ಅವರಿಗೆ ಬೇಸರ ಬೇರೆ, ಯಾಕೋಬನನ್ನು ಈ ಕಾದಂಬರಿ ತೀರಾ ಸಣ್ಣವನಾಗಿ ಮಾಡಿದೆ ಅಂತ. ಆದರೆ ಪ್ರೀತಿಯ ವಿಷಯದಲ್ಲಿ ಅವರು ಲೇಖಕಿಯ ಪರ. ಊರಿಗೆ ಊರನ್ನೇ ಕೊಂದವರು, ತಂಗಿಯ ಮಾನಕ್ಕಾಗಿ ಕೊಂದೆವು ಅಂದರೆ ನೀವು ಹಾಗೇ ನಂಬುತ್ತೀರಾ ಅಂತ ಕೇಳಿದರು. ಯಾಕೋಬ ಸಾಯುವಾಗಲೂ ಆ ಇಬ್ಬರ ಕೋಪವನ್ನು ಶಪಿಸಿದ್ದಾನೆ, 49ನೇ ಅಧ್ಯಾಯ ನೋಡಿ ಅಂದರು. ಅವರ ಪ್ರಕಾರ ಇಂಥ ಕತೆ ಕಟ್ಟೋದು ಹೊಸದೂ ಅಲ್ಲ. ಹಳೆಯ ರಬ್ಬಿಗಳೇ ದೀನಳಿಗೆ ಶೆಕೆಮನಿಂದ ಒಬ್ಬ ಮಗಳು ಹುಟ್ಟಿದಳು, ಅವಳೇ ಮುಂದೆ ಯೋಸೇಫನ ಹೆಂಡತಿ ಆಸನತ್ ಆದಳು ಅಂತ ಹೇಳಿದ್ದಾರೆ. ಮನೆಯಲ್ಲಿ ಇರದೆ ಹೊರಗೆ ತಿರುಗೋಕೆ ಹೋಗಿದ್ದೇ ತಪ್ಪು ಅಂತ ಅವಳನ್ನೇ ಬೈದವರೂ ಅವರಲ್ಲೇ ಇದ್ದಾರೆ.

ಅಜ್ಜಿಯ ಪ್ರಶ್ನೆ ನನಗೆ ತಟ್ಟಿತು. ನಮ್ಮ ಪತ್ರಿಕೆಗಳಲ್ಲಿ ಮರ್ಯಾದೆ ಹತ್ಯೆಯ ಸುದ್ದಿ ಓದಿ ಬೆಳೆದವಳು ನಾನು. ಮಗಳು ತಾನೇ ಇಷ್ಟಪಟ್ಟು ಹೋಗಿದ್ದರೂ ಅಪಹರಣ ಅಂತ ದೂರು ಕೊಡುವವರು ನಮ್ಮಲ್ಲಿ ಇಲ್ವಾ? ಹಾಗಂತ ಪುಸ್ತಕವನ್ನು ಪೂರ್ತಿ ಒಪ್ಪೋಕೂ ಆಗಲಿಲ್ಲ. ಅವಳು ಇಷ್ಟಪಟ್ಟಿರಬಹುದು, ಇಲ್ಲದಿರಬಹುದು. 34ನೇ ಅಧ್ಯಾಯ ಓದುವಾಗ ಆ ಎರಡೂ ಕುತ್ತಿಗೆ ಹಿಸುಕುತ್ತವೆ. ಕಾದಂಬರಿಯಲ್ಲಿ ಚೆಲುವ ರಾಜಕುಮಾರ, ಮೊದಲ ನೋಟ, ಅರಮನೆ. ಸಿನಿಮಾ ಆಯಿತು.

ಇನ್ನು ನಿನ್ನ ಪ್ರಶ್ನೆ, ಇಲ್ಲದ್ದನ್ನು ಬರೆಯೋಕೆ ಅವಳು ಯಾರು ಅಂತ. ಅಮ್ಮ, ಕ್ರಿಸ್ಮಸ್ ನಾಟಕದಲ್ಲಿ ನನಗೆ ಛತ್ರದವನ ಹೆಂಡತಿಯ ಪಾರ್ಟು ಕೊಟ್ಟಿದ್ದು ಯಾರು? "ಅಯ್ಯೋ, ತುಂಬಿದ ಬಸುರಿ, ಕೊಟ್ಟಿಗೆಯಲ್ಲಾದರೂ ಜಾಗ ಕೊಡಿ ಅಂದ್ರೆ" ಅಂತ ಡೈಲಾಗ್ ಬರೆದಿದ್ದು ಯಾರು? ಲೂಕನಲ್ಲಿ ಛತ್ರದಲ್ಲಿ ಸ್ಥಳವಿರಲಿಲ್ಲ ಅಂತ ಇದೆ, ಅಷ್ಟೇ. ಅವನ ಹೆಂಡತಿ ಬಿಡು, ಛತ್ರದವನೇ ಇಲ್ಲ. ಅಪ್ಪನನ್ನೂ ಕೇಳು. ತಾಳಮದ್ದಳೆಯಲ್ಲಿ ಅಂಬೆ ಭೀಷ್ಮನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಬೆವರಿಳಿಸುವಾಗ ಆ ಮಾತೆಲ್ಲ ಅರ್ಥಧಾರಿ ಅಲ್ಲೇ ಕೂತು ಕಟ್ಟಿದ್ದು ತಾನೇ? ಅದಕ್ಕೆ ಬೆಳಗಿನ ಜಾವದವರೆಗೆ ಕೂರುತ್ತಿದ್ದವರು ಅವರು. ಹಾಗಾಗಿ ಬರೆದಿದ್ದಕ್ಕೆ ನನ್ನ ತಕರಾರಿಲ್ಲ. ಅವಳ ಬಾಯಿಗೆ ಮಾತು ಕೊಡುವಾಗ ಅವಳ ಮೇಲೆ ಆಗಿದ್ದನ್ನು ತೆಗೆದುಬಿಟ್ಟರಲ್ಲ, ಅದಕ್ಕೆ ಮಾತ್ರ ತಕರಾರು.

ಮುಂದಿನ ತಿಂಗಳು ಕೋಲ್ಮ್ ಟೊಬೀನ್ ಅವರ 'ದಿ ಟೆಸ್ಟಮೆಂಟ್ ಆಫ್ ಮೇರಿ'. ಯೇಸುವಿನ ತಾಯಿ ಮರಿಯ ಮುದುಕಿಯಾಗಿ ಎಫೆಸದಲ್ಲಿ ಕೂತು, ಶಿಷ್ಯರು ಬರೆದುಕೊಳ್ಳೋಕೆ ಬಯಸುವ ಮಾತನ್ನು ಹೇಳಲು ಒಪ್ಪೋದಿಲ್ಲ. 2013ರಲ್ಲಿ ಇದು ನ್ಯೂಯಾರ್ಕಿನಲ್ಲಿ ನಾಟಕವಾದಾಗ ಥಿಯೇಟರ್ ಹೊರಗೆ ಪ್ರತಿಭಟನೆ ನಡೆದಿತ್ತು. ನಮ್ಮ ಕೂಟದ ಕ್ಯಾಥೊಲಿಕ್ ಹೆಂಗಸು ಆ ದಿನ ಬರಲ್ಲ ಅಂತ ಈಗಲೇ ಹೇಳಿಬಿಟ್ಟಿದ್ದಾರೆ. ಬ್ಯಾಪ್ಟಿಸ್ಟ್ ಅಮ್ಮ ಮಾತ್ರ ಬರ್ತಾರಂತೆ, ಬಯ್ಯೋದಕ್ಕೆ.

'ದಿ ರೆಡ್ ಟೆಂಟ್' ಒಂದು ಪ್ರತಿ ತೆಗೆದಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಇಲ್ಲಿಂದ ಮಂಗಳೂರಿಗೆ ಬರುವವರು ಒಬ್ಬರಿದ್ದಾರೆ, ಅವರ ಕೈಯಲ್ಲಿ ಕಳಿಸಲಾ? ಮೊದಲು ಅಕ್ಕ ಓದಲಿ. ನೀನು ಓದಿದರೆ ಹೆಂಗಸರ ಕೂಟದಲ್ಲಿ ಹೇಳ್ತೀಯೋ ಬಿಡ್ತೀಯೋ ನಿನಗೆ ಬಿಟ್ಟದ್ದು, ಆದರೆ ನನಗೆ ಫೋನ್ ಮಾಡಿ ಬಯ್ಯಬೇಕು. ಈ ಸಲ ಅಪ್ಪನ ಕೈಗೆ ಕೊಡಬಾರದು. ಅಪ್ಪನ ಸಕ್ಕರೆ ಎಷ್ಟಿದೆ ಅಂತ ಅಕ್ಕನಿಗೆ ಮೆಸೇಜ್ ಹಾಕೋಕೆ ಹೇಳು.

ನಿನ್ನ ಮಗಳು