ಡ್ರೈವರ್ ಮತ್ತು ಮಾಡ್ಯೂಲ್ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕುರಿತ ಕನ್ನಡ ಬರಹಗಳಲ್ಲಿ ಡ್ರೈವರ್, ಮಾಡ್ಯೂಲ್ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಮಾಡ್ಯೂಲ್ ಎಂಬುದು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳು ತಂತ್ರಾಂಶಕ್ಕೆ, ಬೇಕಾದಾಗ ಸೇರಿಸಬಹುದಾದ ಕೋಡ್. ಆ ಕೋಡ್ ಒಂದು ಬಸ್‌ನಲ್ಲಿ (ಸಾಧನಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಸಂಪರ್ಕ ಮಾರ್ಗ) ಹೆಸರು ನೋಂದಾಯಿಸಿ, ಸಾಧನಗಳನ್ನು ನಡೆಸುವ ಹೊಣೆ ಹೊತ್ತಾಗ ಅದು ಡ್ರೈವರ್. ಎರಡರ ಹೆಸರೂ ಹಲವೆಡೆ ಒಂದೇ ಆಗಿರುವುದು ಗೊಂದಲದ ಮೂಲ. ಆದರೆ ಎಲ್ಲೆಡೆ ಹಾಗಿಲ್ಲ: ಪಿಸಿಐ ಎಂಬ ಬಸ್‌ನಲ್ಲಿ ‘ಐ801_ಎಸ್‌ಎಂಬಸ್’ ಎಂದು ಕಾಣುವ ಡ್ರೈವರ್ ಬರುವುದು ‘ಐ2ಸಿ_ಐ801’ ಎಂಬ ಮಾಡ್ಯೂಲ್‌ನಿಂದ. ಹೆಸರನ್ನೇ ನಂಬಿ ಮಾಡ್ಯೂಲ್ ತೆಗೆಯಲು ಹೋಗಿ ನಾನು ಗಂಟೆಗಟ್ಟಲೆ ಹುಡುಕಾಡಿದ್ದೇನೆ.

ಯಾವ ಡ್ರೈವರ್ ಯಾವ ಮಾಡ್ಯೂಲ್‌ನಿಂದ ಬಂದಿದೆ ಎಂಬುದಕ್ಕೆ ಉತ್ತರ ‘ಸಿಸ್’ (/sys) ಡೈರೆಕ್ಟರಿಯಲ್ಲೇ ಇದೆ. 2003ರ ಕೊನೆಯಲ್ಲಿ ಬಂದ ಕರ್ನಲ್‌ನ 2.6 ಆವೃತ್ತಿಯೊಂದಿಗೆ ನೆಲೆಗೊಂಡ ಈ ವ್ಯವಸ್ಥೆಯ ಕಡತಗಳು ಡಿಸ್ಕ್‌ನಲ್ಲಿರುವುದಿಲ್ಲ. ಕರ್ನಲ್ ತನ್ನ ಒಳಸ್ಥಿತಿಯನ್ನೇ ಕಡತಗಳಂತೆ ತೋರಿಸುತ್ತದೆ. ಬಸ್‌ನ ಡೈರೆಕ್ಟರಿಯೊಳಗೆ ಪ್ರತಿ ಡ್ರೈವರ್‌ಗೂ ಒಂದು ಡೈರೆಕ್ಟರಿ ಇದ್ದು, ಅಲ್ಲಿರುವ ‘ಮಾಡ್ಯೂಲ್’ ಎಂಬ ಲಿಂಕ್ ಅದರ ಮೂಲ ಮಾಡ್ಯೂಲನ್ನು ತೋರಿಸುತ್ತದೆ. ಮಾಡ್ಯೂಲ್‌ನ ಕಡೆಯಿಂದ ‘ಡ್ರೈವರ್ಸ್’ ಎಂಬ ಡೈರೆಕ್ಟರಿಯಲ್ಲಿ, ಬಸ್ ಮತ್ತು ಡ್ರೈವರ್ ಹೆಸರುಗಳ ನಡುವೆ ಕೋಲನ್ ಇಟ್ಟ ಲಿಂಕ್‌ಗಳು ಮರಳಿ ಡ್ರೈವರ್‌ಗಳತ್ತ ತೋರಿಸುತ್ತವೆ. ‘ಯುಎಸ್‌ಬಿಕೋರ್’ನಂತೆ ಒಂದೇ ಮಾಡ್ಯೂಲ್ ಹಲವು ಡ್ರೈವರ್‌ಗಳನ್ನು ನೋಂದಾಯಿಸಬಹುದಾದ್ದರಿಂದ ಈ ಎರಡನೆಯ ದಾರಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕರ್ನಲ್‌ನಲ್ಲೇ ಬೆಸೆದ ಡ್ರೈವರ್‌ಗೆ ಲಿಂಕ್ ಇಲ್ಲದೆಯೂ ಇರಬಹುದು; ಅದು ದೋಷವಲ್ಲ.

ಲಿನಕ್ಸ್ ಬರಹಗಳನ್ನು ಪ್ರಕಟಿಸುವಾಗ ಈ ವ್ಯತ್ಯಾಸವನ್ನು ಉಳಿಸಿಕೊಳ್ಳಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ