ಉಂಗುರದ ಚುಕ್ಕೆಯನ್ನಲ್ಲ, ಹರಳು ಹಿಡಿದ ಸಡಿಲ ಕಾಲನ್ನು ನೋಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಸಲಹಾ ಅಂಕಣದಲ್ಲಿ ಯುವತಿಯೊಬ್ಬರ ಪ್ರಶ್ನೆ ಬಂದಿತ್ತು. ನಿಶ್ಚಿತಾರ್ಥದ ಉಂಗುರದ ವಜ್ರದೊಳಗೆ ಕಪ್ಪು ಚುಕ್ಕೆಯೊಂದು ಕಂಡಿದೆ, ಅಂದಿನಿಂದ ತೊಡಲು ಮನಸ್ಸಾಗುತ್ತಿಲ್ಲ, ಕೊಟ್ಟವನಿಗೆ ಹೇಳಲು ಬಾಯಿ ಬರುತ್ತಿಲ್ಲ, ಏನು ಮಾಡಲಿ ಎಂದು ಅವರು ಕೇಳಿದ್ದರು. ದೋಷವಿರುವ ಹರಳನ್ನು ಇಟ್ಟುಕೊಳ್ಳಬೇಡಿ, ಹಿಂದಿರುಗಿಸಿ ಎಂಬ ಎರಡು ಸಾಲಿನ ಉತ್ತರ ಅಚ್ಚಾಗಿತ್ತು. ಓದಿ ನನಗೆ ಸಂಕಟವಾಯಿತು. 19 ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಹೊತ್ತು ನಾನು ನಿದ್ದೆಗೆಟ್ಟಿದ್ದೆ. ಆಗ ನನಗೂ ಯಾರಾದರೂ ಇದೇ ಉತ್ತರ ಕೊಟ್ಟಿದ್ದರೆ, ಈಗ ಈ ಪತ್ರ ಬರೆಯುತ್ತಿರುವ ಬೆರಳಿನಲ್ಲಿ ಈ ಉಂಗುರ ಇರುತ್ತಿರಲಿಲ್ಲ.

ನಾನು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಸರಿಯಾಗಿರುವ ಸಾವಿರ ಜೀವಕೋಶಗಳ ನಡುವೆ ಸರಿಯಿಲ್ಲದ ಒಂದನ್ನು ಹುಡುಕುವುದೇ ನನ್ನ ದಿನದ ಕೆಲಸ. ಕೆಲಸದ ವೇಳೆ ಉಂಗುರ ತೊಡುವಂತಿಲ್ಲ. ಬಿಚ್ಚಿ ಮೇಜಿನ ಡ್ರಾಯರ್‌ನಲ್ಲಿ ಇಡುತ್ತಿದ್ದೆ. ನಿಶ್ಚಿತಾರ್ಥವಾಗಿ ಹತ್ತು ದಿನವಾಗಿದ್ದ ಒಂದು ಸಂಜೆ, ಕೊನೆಯ ಸ್ಲೈಡ್ ಮುಗಿಸಿದ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ ಉಂಗುರವನ್ನೇ ಇಟ್ಟು ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದೆ. ಅಂಚಿನ ಹತ್ತಿರ ಬಿಳಿ ಗರಿಯಂಥ ಒಂದು ಸೀಳು, ಅದರ ಸ್ವಲ್ಪ ಒಳಗೆ ಎಳ್ಳಿಗಿಂತಲೂ ಕಪ್ಪಾದ ಚುಕ್ಕೆ. ಆ ಕ್ಷಣದಿಂದ ಬರಿಗಣ್ಣಿಗೂ ಚುಕ್ಕೆ ಕಾಣುತ್ತಿದೆ ಎಂದೇ ನನಗನ್ನಿಸತೊಡಗಿತು. ಬಸ್ಸಿನಲ್ಲಿ, ಊಟದ ಮೇಜಿನಲ್ಲಿ, ಮಲಗುವ ಮುನ್ನ ದೀಪದ ಕೆಳಗೆ, ಎಲ್ಲೆಲ್ಲೂ ಕೈ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

ಎರಡು ವಾರ ಸುಮ್ಮನಿದ್ದು, ಕೊನೆಗೆ ಉಂಗುರ ಕೊಟ್ಟವರಿಗೆ ಹೇಳಿದೆ. ಹೇಳಿದ ರೀತಿಯೂ ಸರಿಯಿರಲಿಲ್ಲ. ‘ನಿಮಗೆ ಯಾರೋ ಮೋಸ ಮಾಡಿದ್ದಾರೆ’ ಎಂದುಬಿಟ್ಟೆ. ಅವರು ಏನೂ ಮಾತಾಡದೆ ಒಳಗೆ ಹೋಗಿ, ವಜ್ರದ ಜೊತೆ ಬಂದಿದ್ದ ಪ್ರಮಾಣಪತ್ರವನ್ನು ತಂದು ನನ್ನ ಕೈಗಿಟ್ಟರು. ಅರ್ಧ ಕ್ಯಾರೆಟ್, ಸ್ಪಷ್ಟತೆ ಎಸ್‌ಐ-1, ಅಂದರೆ ಸಣ್ಣಪುಟ್ಟ ದೋಷಗಳಿರುವ ದರ್ಜೆ. ಹರಳಿನ ರೇಖಾಚಿತ್ರದ ಮೇಲೆ ನಾನು ಕಂಡ ಗರಿಯನ್ನೂ ಚುಕ್ಕೆಯನ್ನೂ ಅದೇ ಜಾಗದಲ್ಲಿ ಗುರುತು ಹಾಕಿದ್ದರು. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ತಮ್ಮ ಉಳಿತಾಯಕ್ಕೆ ಎಟುಕುವುದನ್ನು ನೋಡಿ, ತಿಳಿದೇ ಆರಿಸಿದ್ದರು. ಅವರ ಮುಖ ಅಂದು ಸಪ್ಪಗಾದದ್ದು ನನಗೆ ಇನ್ನೂ ನೆನಪಿದೆ.

ಮರುದಿನ ಇಬ್ಬರೂ ವಯಸ್ಸಾದ ಅಕ್ಕಸಾಲಿಗರೊಬ್ಬರ ಬಳಿ ಹೋದೆವು. ಅವರು ಮೊದಲು ಕೇಳಿದ್ದೇ, ‘ಎಷ್ಟು ಪಟ್ಟು ದೊಡ್ಡದು ಮಾಡಿ ನೋಡಿದಿರಿ, ತಾಯಿ?’ ಎಂದು. ನಲವತ್ತು ಪಟ್ಟು ಎಂದೆ. ವಜ್ರದ ಸ್ಪಷ್ಟತೆಯನ್ನು ಅಳೆಯುವುದು ಹತ್ತು ಪಟ್ಟಿನಲ್ಲಿ, ನಲವತ್ತರಲ್ಲಿ ಹುಡುಕಿದರೆ ಒಳ್ಳೊಳ್ಳೆಯ ಹರಳುಗಳಲ್ಲೂ ಏನಾದರೂ ಸಿಕ್ಕೇ ಸಿಗುತ್ತದೆ ಎಂದರು. ಈಗ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಅಮೆರಿಕದ ಜಿಐಎ ಎಂಬ ರತ್ನಪರೀಕ್ಷೆಯ ಸಂಸ್ಥೆಯದು. ಅದರಲ್ಲಿ 11 ದರ್ಜೆಗಳಿವೆ. ಮೇಲ್ತುದಿಯಲ್ಲಿ ಹತ್ತು ಪಟ್ಟಿನಲ್ಲೂ ಏನೂ ಕಾಣದ ಹರಳು, ಕೆಳತುದಿಯಲ್ಲಿ ಬರಿಗಣ್ಣಿಗೇ ರಾಚುವ ದೋಷವಿರುವ ಹರಳು. ನನ್ನದು ನಡುವಿನದು, ಪಳಗಿದ ಕಣ್ಣಿಗೆ ಲೆನ್ಸ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಬರಿಗಣ್ಣಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹೋಪ್ ವಜ್ರ ಎಂಬ 45.52 ಕ್ಯಾರೆಟ್‌ನ ನೀಲಿ ಹರಳಿದೆಯಲ್ಲ, ವಸ್ತುಸಂಗ್ರಹಾಲಯದಲ್ಲಿ ಜನ ಮುಗಿಬಿದ್ದು ನೋಡುವಂಥದ್ದು, ಅದಕ್ಕೆ ಸಿಕ್ಕಿರುವ ದರ್ಜೆ ವಿಎಸ್-1, ನನ್ನದಕ್ಕಿಂತ ಎರಡೇ ಮೆಟ್ಟಿಲು ಮೇಲಿನದು. ಅದೂ ದೋಷರಹಿತವಲ್ಲ.

ಆಮೇಲೆ ಅಕ್ಕಸಾಲಿಗರು ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದರು. ‘ನೀವು ಹೆದರಬೇಕಾದದ್ದು ಚುಕ್ಕೆಗಲ್ಲ, ಇದಕ್ಕೆ’ ಎಂದು ಲೆನ್ಸ್ ಕೊಟ್ಟು ತೋರಿಸಿದರು. ಹರಳನ್ನು ಹಿಡಿದಿರುವ ನಾಲ್ಕು ಚಿಕ್ಕ ಕಾಲುಗಳಲ್ಲಿ, ಅವನ್ನು ಪ್ರಾಂಗ್ ಎನ್ನುತ್ತಾರೆ, ಒಂದು ಕೂದಲೆಳೆಯಷ್ಟು ಮೇಲಕ್ಕೆದ್ದಿತ್ತು. ನನ್ನ ಸ್ವೆಟರಿನ ನೂಲು ವಾರಗಟ್ಟಲೆ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ನಾನು ನೂಲನ್ನು ಬಿಡಿಸಿಕೊಂಡು ಮತ್ತೆ ಚುಕ್ಕೆಯನ್ನೇ ನೋಡುತ್ತಿದ್ದೆ! ಇನ್ನಷ್ಟು ದಿನ ಹಾಗೆಯೇ ಬಿಟ್ಟಿದ್ದರೆ ಚುಕ್ಕೆಯ ಸಮೇತ ಹರಳೇ ಎಲ್ಲೋ ಬಿದ್ದುಹೋಗುತ್ತಿತ್ತು. ದೋಷ ಹುಡುಕುವುದರಲ್ಲಿ ಪಳಗಿದ ನನ್ನ ಕಣ್ಣು ಇದೊಂದನ್ನು ನೋಡಿರಲಿಲ್ಲ.

ನಿಮ್ಮ ಅಂಕಣಕಾರರು ಹೇಳಬೇಕಾಗಿದ್ದದ್ದು ಈ ವ್ಯತ್ಯಾಸವನ್ನು. ಉಂಗುರದಲ್ಲಿ ಸುಮ್ಮನೆ ಇರುವ ಕೊರತೆಗಳಿವೆ, ಉಂಗುರವನ್ನು ಹಾಳುಮಾಡುವ ಕೊರತೆಗಳಿವೆ. ಹರಳಿನ ಒಳಗೇ ಮುಗಿಯುವ ಗರಿ, ಸೂಜಿಮೊನೆಯಂಥ ಚುಕ್ಕೆ, ಒಳಗೆ ಸಿಕ್ಕಿಬಿದ್ದ ಇನ್ನೊಂದು ಖನಿಜದ ಕಣ, ಇವೆಲ್ಲ ಮೊದಲನೆಯ ಬಗೆ. ಅದೇ ಗರಿ ಹೊರಮೈಗೆ ಬಂದು ಅಂಚನ್ನೋ ಮೂಲೆಯನ್ನೋ ಮುಟ್ಟಿದ್ದರೆ ಮಾತು ಬೇರೆ. ವಜ್ರವನ್ನು ಗೀಚಲು ಇನ್ನೊಂದು ವಜ್ರವೇ ಬೇಕು ಎಂಬುದು ನಿಜ, ಆದರೆ ಅದರ ಹರಳುರಚನೆಯಲ್ಲಿ ಸುಲಭವಾಗಿ ಸೀಳುವ ನಾಲ್ಕು ದಿಕ್ಕುಗಳಿವೆ. ಆ ದಿಕ್ಕಿನಲ್ಲಿ ಬಿದ್ದ ಒಂದು ಗಟ್ಟಿ ಪೆಟ್ಟು ಸಾಕು, ಚಕ್ಕೆ ಏಳುತ್ತದೆ. ಇಡೀ ಹರಳನ್ನು ಮಸುಕುಮಾಡುವಷ್ಟು ದಟ್ಟವಾದ ಮೋಡದಂಥ ದೋಷವಿದ್ದರೂ ಬದಲಾಯಿಸುವುದು ಒಳ್ಳೆಯದೇ. ಬಿರುಕಿಗೆ ಗಾಜಿನಂಥ ವಸ್ತು ತುಂಬಿದ ಹರಳುಗಳೂ ಮಾರಾಟವಾಗುತ್ತವೆ. ರಿಪೇರಿಯ ವೇಳೆ ಬೆಂಕಿಯ ಶಾಖ ತಗುಲಿದರೆ ಆ ತುಂಬು ಕೆಡುತ್ತದೆ, ಆದ್ದರಿಂದ ತುಂಬಿದ್ದೇವೆಂದು ಮಾರುವವರು ಮೊದಲೇ ಹೇಳಬೇಕು. ಹೇಳದೆ ಮಾರಿದ್ದರೆ, ಪ್ರಮಾಣಪತ್ರದಲ್ಲಿ ಒಂದು ದರ್ಜೆ ಬರೆದು ಇನ್ನೊಂದು ಕೊಟ್ಟಿದ್ದರೆ, ಖಂಡಿತ ಹಿಂದಿರುಗಿಸಲಿ. ಅಲ್ಲಿ ತಪ್ಪು ಹರಳಿನದಲ್ಲ, ಮಾರಿದವರ ಮಾತಿನದು.

ನನ್ನ ಉಂಗುರ ಆಮೇಲೂ ಒಂದೊಂದಾಗಿ ಕೊರತೆಗಳನ್ನು ಕೂಡಿಸಿಕೊಂಡಿತು. ಮೊದಲ ವರ್ಷದ ಕೊನೆಗೆ ಹರಳು ಮಂಕಾಯಿತು. ಬಿರುಕು ಬೆಳೆದಿದೆ ಎಂದೇ ಮತ್ತೆ ಹೆದರಿದೆ. ಅದು ಕೈಗೆ ಹಚ್ಚುವ ಕ್ರೀಮಿನ ಜಿಡ್ಡು. ವಜ್ರಕ್ಕೆ ನೀರು ಒಗ್ಗದು, ಜಿಡ್ಡನ್ನು ಮಾತ್ರ ಬೇಗ ಅಂಟಿಸಿಕೊಳ್ಳುತ್ತದೆ. ಗಣಿಗಳಲ್ಲಿ ಜಿಡ್ಡು ಬಳಿದ ಹಲಗೆಯ ಮೇಲೆ ಪುಡಿ ಮಾಡಿದ ಅದಿರನ್ನು ನೀರಿನೊಡನೆ ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದುದೂ ಈ ಗುಣದಿಂದಲೇ. ಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್ ಸಾಕಾಯಿತು. ಬಿಳಿ ಚಿನ್ನದ ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪ ಸವೆದು ಬೆರಳಿನ ಒಳಭಾಗದಲ್ಲಿ ತುಸು ಹಳದಿ ಇಣುಕಿತು. 18 ಕ್ಯಾರೆಟ್ ಎಂದರೆ ಶೇ 75ರಷ್ಟು ಚಿನ್ನ. ಆ ಚಿನ್ನದ ಬಣ್ಣ ಎಂದಾದರೂ ಹೊರಗೆ ಬರಲೇಬೇಕು. ಎರಡು ಸಲ ಲೇಪ ಹಾಕಿಸಿದೆ, ಮೂರನೆಯ ಸಲ ಬಿಟ್ಟೆ. ಆ ಹಳದಿ ಈಗ ನನಗೆ ಇಷ್ಟ. ಉಂಗುರದ ಬಳೆಯಂಥ ಸುತ್ತು ಭಾರದ ಚೀಲಗಳನ್ನು ಹೊತ್ತು ಹೊತ್ತು ದುಂಡಗಿನ ಆಕಾರ ಬಿಟ್ಟು ನನ್ನ ಬೆರಳಿನ ಆಕಾರಕ್ಕೆ ಬಂದಿದೆ. ಅದನ್ನೂ ನೇರ ಮಾಡಿಸಿಲ್ಲ. ಕಾಲುಗಳನ್ನು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ತೋರಿಸುತ್ತೇನೆ.

ಚುಕ್ಕೆಯ ಉಪಯೋಗ ತಿಳಿದದ್ದು ಎಂಟನೆಯ ವರ್ಷ. ಸವೆದ ಕಾಲುಗಳ ತುದಿಗೆ ಲೋಹ ಕೂಡಿಸಲು ಉಂಗುರವನ್ನು ನಾಲ್ಕು ದಿನ ಬಿಟ್ಟು ಬರಬೇಕಾಯಿತು. ಹಿಂದಕ್ಕೆ ಪಡೆಯುವಾಗ, ಇದು ನನ್ನದೇ ಹರಳೇ ಎಂಬ ಅನುಮಾನ ಬಂತು. ಹೊಸದಾಗಿ ತೊಳೆದ ಹರಳು ಅಷ್ಟು ಹೊಳೆಯುತ್ತಿತ್ತು. ಲೆನ್ಸ್ ಕೇಳಿ ಪಡೆದು, ಪ್ರಮಾಣಪತ್ರದ ರೇಖಾಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದೆ. ಗರಿ ಅಲ್ಲೇ ಇತ್ತು, ಚುಕ್ಕೆ ಅಲ್ಲೇ ಇತ್ತು. ಗುಂಪಿನಲ್ಲಿ ತಪ್ಪಿಸಿಕೊಂಡ ಮಗುವನ್ನು ಕೆನ್ನೆಯ ಮಚ್ಚೆಯಿಂದ ಗುರುತಿಸಿದಂತೆ ಎದೆ ತುಂಬಿ ಬಂತು. ಏನೂ ಇಲ್ಲದ ಹರಳಾಗಿದ್ದರೆ ಯಾವುದನ್ನು ನೋಡಿ ನನ್ನದೆನ್ನಲಿ?

ನಮ್ಮ ಹಳೆಯ ರತ್ನಶಾಸ್ತ್ರಗಳಲ್ಲಿ ಬಿಂದು, ರೇಖೆ, ಕಾಕಪದ ಎಂದು ವಜ್ರದ ದೋಷಗಳಿಗೆ ಹೆಸರುಗಳಿವೆ. ಕಾಕಪದ ಎಂದರೆ ಕಾಗೆಯ ಹೆಜ್ಜೆ. ಹೆಸರಿಟ್ಟವರು ಎಷ್ಟು ಹೊತ್ತು ನೋಡಿರಬೇಕು! ವಿಜ್ಞಾನಿಗಳಿಗಂತೂ ಈ ದೋಷಗಳೇ ನಿಧಿ. ವಜ್ರಗಳಲ್ಲಿ ಹೆಚ್ಚಿನವು ನೆಲದಾಳದಲ್ಲಿ ಸುಮಾರು 150ರಿಂದ 200 ಕಿಲೋಮೀಟರ್ ಕೆಳಗೆ, ನೂರಾರು ಕೋಟಿ ವರ್ಷಗಳ ಹಿಂದೆ ರೂಪುಗೊಂಡವು. ಒಳಗೆ ಸಿಕ್ಕಿಬಿದ್ದ ಖನಿಜದ ಕಣಗಳಿಂದಲೇ ಅವುಗಳ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಬ್ರೆಜಿಲ್‌ನ ಜುಯಿನಾ ಪ್ರದೇಶದಲ್ಲಿ ಸಿಕ್ಕಿದ, ಒಡವೆಗೆ ಬಾರದ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣ ಇದ್ದುದು 2014ರಲ್ಲಿ ವರದಿಯಾಯಿತು. 410 ಕಿಲೋಮೀಟರ್‌ಗಿಂತ ಆಳದಲ್ಲಿ ಹುಟ್ಟುವ, ಅದುವರೆಗೆ ಉಲ್ಕಾಶಿಲೆಗಳಲ್ಲೂ ಪ್ರಯೋಗಾಲಯಗಳಲ್ಲೂ ಮಾತ್ರ ಕಂಡಿದ್ದ ಖನಿಜ ಅದು. ಆ ಕಣದೊಳಗೆ ನೀರಿನ ಅಂಶವೂ ಇತ್ತು. ಆ ಸುದ್ದಿ ಓದಿದ ದಿನ ನನ್ನ ಚುಕ್ಕೆಯನ್ನು ಮತ್ತೆ ಲೆನ್ಸ್‌ನಲ್ಲಿ ನೋಡಿದ್ದೆ. ಈ ಸಲ ಹುಳುಕು ಹುಡುಕಲು ಅಲ್ಲ.

ಆದ್ದರಿಂದ ಸಂಪಾದಕರೇ, ಆ ಯುವತಿಗೆ ನಿಮ್ಮ ಪತ್ರಿಕೆಯ ಮೂಲಕವೇ ಇನ್ನೊಂದು ಉತ್ತರ ತಲುಪಲಿ ಎಂದು ಕೇಳಿಕೊಳ್ಳುತ್ತೇನೆ. ಅವರು ಮೊದಲು ಉಂಗುರವನ್ನು ಸೋಪು ನೀರಿನಲ್ಲಿ ತೊಳೆದು, ಒರೆಸಿ, ಹಗಲು ಬೆಳಕಿನಲ್ಲಿ ಕೈ ಚಾಚಿ ನೋಡಲಿ. ಆಗಲೂ ಚುಕ್ಕೆಯೇ ಕಣ್ಣಿಗೆ ಚುಚ್ಚಿದರೆ, ಕೊಟ್ಟವನ ಜೊತೆ ಕುಳಿತು ಮಾತಾಡಲಿ. ನಾನು ಹೇಳಿದ ರೀತಿಯಲ್ಲಿ ಬೇಡ, ಪ್ರಮಾಣಪತ್ರವನ್ನು ಇಬ್ಬರೂ ಒಟ್ಟಿಗೆ ಓದಲಿ. ಬೇರೆ ಹರಳೇ ಬೇಕೆನಿಸಿದರೆ ಅದೂ ತಪ್ಪಲ್ಲ, ಜೀವನವಿಡೀ ತೊಡುವವರು ಅವರು. ಅದಕ್ಕೂ ಮೊದಲು ಒಂದು ಹತ್ತಿಯ ತುಣುಕನ್ನು ಹರಳಿನ ಸುತ್ತ ಮೆಲ್ಲಗೆ ಸವರಿ, ಎಳೆ ಸಿಕ್ಕಿಕೊಳ್ಳುತ್ತದೆಯೇ ನೋಡಲಿ. ಉಂಗುರವನ್ನು ಕಿವಿಯ ಬಳಿ ಹಿಡಿದು ತಟ್ಟಲಿ. ಎಳೆ ಸಿಕ್ಕಿದರೆ, ಒಳಗೆ ಹರಳು ಅಲುಗಿದ ಸದ್ದು ಕೇಳಿದರೆ, ಬೆರಳಿಗೆ ತೊಡದೆ ಪೆಟ್ಟಿಗೆಯಲ್ಲಿಟ್ಟು ಅಂದೇ ಅಕ್ಕಸಾಲಿಗರ ಬಳಿ ಹೋಗಲಿ.

ಇಂತಿ,
ನಿಮ್ಮ ಪತ್ರಿಕೆಯ ನಿತ್ಯದ ಓದುಗರಲ್ಲಿ ಒಬ್ಬಳು