ಆ ರಾತ್ರಿ ಲ್ಯಾಬಿನಲ್ಲಿ ಉಳಿದ ಅಣ್ಣನಿಗೆ

ಕಳೆದ ವಾರ ನಮ್ಮ ಪ್ರಬಂಧದ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಎಂಜಲುಟಮೈಡ್ ಎಂಬ ಔಷಧಿಗೆ ಯಾಕೆ ಬಗ್ಗದೆ ಉಳಿಯುತ್ತವೆ ಎಂಬ ಪ್ರಶ್ನೆ ಹಿಡಿದು ಕೂತ ನಮ್ಮ ಪುಟ್ಟ ಗುಂಪಿನ ಕೆಲಸ ಕೊನೆಗೂ ದಡ ಸೇರಿದೆ. ಏನು ಮಾಡಿದೆವು, ಎಷ್ಟು ಸಲ ಗಡುವು ಮುಂದಕ್ಕೆ ಹೋಯಿತು ಎಂಬುದೆಲ್ಲ ಜೊತೆಗಿದ್ದವರಿಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಪ್ರತಿ ಕರಡನ್ನೂ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಗೈಡ್, ಸ್ಲೈಡ್ ಓದಲು ಕಲಿಸಿದ ಪೆಥಾಲಜಿ ಡಾಕ್ಟರ್, ಫೆಲೋಶಿಪ್ ಹಣ ತಡವಾದ ತಿಂಗಳುಗಳಲ್ಲಿ ಸಾಲ ಬರೆದುಕೊಂಡೇ ಊಟ ಹಾಕಿದ ಕ್ಯಾಂಟೀನಿನವರು, ಮನೆಯವರು, ಎಲ್ಲರಿಗೂ ನಮಸ್ಕಾರ. ಇವರ ಋಣ ಸಣ್ಣದಲ್ಲ. ಆದರೂ ಈ ಬರಹದ ಬಹುಪಾಲು ಒಬ್ಬರಿಗೇ ಸಲ್ಲಬೇಕು. ಹೆಸರು ಹಾಕಬೇಡಿ ಎಂದಿದ್ದಾರೆ. ಸೆಲ್ ಕಲ್ಚರ್ ರೂಮಿನಲ್ಲಿ ಎಲ್ಲರಿಗೂ ಅವರು ಅಣ್ಣ. ಇಲ್ಲೂ ಅಣ್ಣ ಎಂದೇ ಇರಲಿ.

ನಾವು ಪ್ರಯೋಗಕ್ಕೆ ಬಳಸಿದ ಎಲ್‌ಎನ್‌ಕ್ಯಾಪ್ ಕೋಶಗಳನ್ನು ಸಾಕಿದವರಿಗೆ ಅವುಗಳ ಸ್ವಭಾವ ಗೊತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ್ದ ಅಮೆರಿಕದ ಒಬ್ಬ ರೋಗಿಯ ದುಗ್ಧಗ್ರಂಥಿಯಿಂದ 1977ರಲ್ಲಿ ಬಂದ ಕೋಶಗಳು. ನಿಧಾನಕ್ಕೆ ಬೆಳೆಯುತ್ತವೆ, ಫ್ಲಾಸ್ಕಿನ ತಳಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಕೋಶ ಬೆಳೆಸುವ ದ್ರವವಾದ ಮೀಡಿಯಾವನ್ನು ನೇರವಾಗಿ ಮೇಲೆ ಸುರಿದರೆ ಹಾಳೆಯಂತೆ ಎದ್ದು ತೇಲುತ್ತವೆ. ಫ್ಲಾಸ್ಕಿನ ಎದುರು ಗೋಡೆಗೆ ತಾಗಿಸಿ ಮೆಲ್ಲಗೆ ಇಳಿಸಬೇಕು. ಅಂಟು ಬಿಡಿಸುವ ಟ್ರಿಪ್ಸಿನ್ ಹಾಕಿದರೆ ಒಂದೆರಡು ನಿಮಿಷಕ್ಕೇ ಬಿಟ್ಟುಕೊಳ್ಳುತ್ತವೆ. ಅಣ್ಣ ಇವುಗಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದಾರೆ.

ನಮ್ಮದು ಆಗ ಸಂಭ್ರಮದ ಕಾಲ. ತಿಂಗಳುಗಟ್ಟಲೆ 10 ಮೈಕ್ರೋಮೋಲಾರ್ ಎಂಜಲುಟಮೈಡ್‌ನಲ್ಲಿ ಬೆಳೆಸಿದ ಕೋಶಗಳು ಔಷಧಿಗೆ ಒಗ್ಗಿಕೊಂಡಿದ್ದವು. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪಟ್ಟಿಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ, ಗಂಡು ಹಾರ್ಮೋನನ್ನು ಹಿಡಿಯುವ ಆಂಡ್ರೊಜೆನ್ ಗ್ರಾಹಕದ 110 ಕಿಲೋಡಾಲ್ಟನ್ ಪಟ್ಟಿಯ ಕೆಳಗೆ, 75ರಿಂದ 80ರ ನಡುವೆ, ಇನ್ನೊಂದು ಪಟ್ಟಿ ಮೂಡಿತ್ತು. ಎಆರ್-ವಿ7, ಅದೇ ಗ್ರಾಹಕದ ಮೊಟಕು ರೂಪ. ಗ್ರಾಹಕದ ಬಾಲದಲ್ಲಿ ಹಾರ್ಮೋನು ಕೂರುವ ಗೂಡೊಂದಿದೆ. ಎಂಜಲುಟಮೈಡ್ ಹೋಗಿ ಕೂರುವುದೂ ಅದೇ ಗೂಡಿನಲ್ಲಿ. ವಿ7 ರೂಪಕ್ಕೆ ಆ ಗೂಡೇ ಇಲ್ಲ. ಹಾರ್ಮೋನಿಲ್ಲದೆಯೂ ಅದು ಡಿಎನ್‌ಎ ಮೇಲೆ ಕೂತು ಕೆಲಸ ನಡೆಸುತ್ತದೆ, ಔಷಧಿಗೆ ಹಿಡಿಯಲು ಜಾಗವೇ ಸಿಗುವುದಿಲ್ಲ. ರೋಗಿಗಳ ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕೋಶಗಳಲ್ಲಿ ವಿ7 ಇದ್ದರೆ ಎಂಜಲುಟಮೈಡ್, ಹಾರ್ಮೋನು ತಯಾರಾಗುವುದನ್ನೇ ತಡೆಯುವ ಅಬಿರಾಟೆರೋನ್, ಎರಡೂ ಫಲ ಕೊಡುವುದು ಕಷ್ಟ ಎಂದು ಆಂಟೊನರಾಕಿಸ್ ತಂಡ 2014ರಲ್ಲಿ ತೋರಿಸಿತ್ತು. ಅದೇ ರೂಪ ನಮ್ಮ ಫ್ಲಾಸ್ಕಿನಲ್ಲಿ ಹುಟ್ಟಿದೆ ಎಂದುಕೊಂಡಿದ್ದೆವು.

ಒಂದು ದಿನ ಸಂಜೆ ಐದಕ್ಕೆ ಅಣ್ಣ ಒಂದು ಫ್ಲಾಸ್ಕನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಇದು ನಮ್ಮ ಎಲ್‌ಎನ್‌ಕ್ಯಾಪ್ ಅಲ್ಲ ಕಣ್ರಮ್ಮ."

ಅವರು ಕಂಡದ್ದು ಮೂರು ಸಂಗತಿ. ಟ್ರಿಪ್ಸಿನ್‌ಗೆ ನಾಲ್ಕೈದು ನಿಮಿಷವಾದರೂ ಕೋಶಗಳು ಬಿಡುತ್ತಿರಲಿಲ್ಲ. ಎಲ್‌ಎನ್‌ಕ್ಯಾಪ್ ಉದ್ದುದ್ದಕ್ಕೆ ಕಡ್ಡಿಯಂತೆ ಚಾಚಿಕೊಳ್ಳುತ್ತದೆ. ಇವು ಒತ್ತೊತ್ತಾಗಿ ನಡುಗಡ್ಡೆಗಳಂತೆ ಕೂತಿದ್ದವು. ಮೂರನೆಯದು, ಗೋಡೆಗೆ ಅಂಟಿಸಿದ್ದ ನಮ್ಮದೇ ಬ್ಲಾಟ್: ಪೂರ್ತಿ ಉದ್ದದ ಗ್ರಾಹಕದ ಪಟ್ಟಿ ಮೂಲ ಎಲ್‌ಎನ್‌ಕ್ಯಾಪ್‌ಗಿಂತ ಒಂದು ಕೂದಲೆಳೆ ಮೇಲಿತ್ತು. ಪಕ್ಕದ ಬೆಂಚಿನವರು ಬೆಳೆಸುವ 22ಆರ್‌ವಿ1 ಎಂಬ ಬೇರೆ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಗ್ರಾಹಕದ ಜೀನಿನ ಮೂರನೇ ತುಂಡು (ಎಕ್ಸಾನ್) ಎರಡು ಸಲ ಇದೆ, ಹಾಗಾಗಿ ಆ ಪ್ರೋಟೀನು ತುಸು ದೊಡ್ಡದು. ಅದರಲ್ಲಿ ಎಆರ್-ವಿ7 ಮೊದಲಿನಿಂದಲೂ ಇದೆ. ಇದೆಲ್ಲ ನಮಗೆ ಓದಿ ಗೊತ್ತಿತ್ತು. ಔಷಧಿಗೆ ಒಗ್ಗಿದ ಕೋಶ ಆಕಾರ ಬದಲಿಸುವುದು ಸಹಜ ಎಂದು ಸಮಾಧಾನ ಹೇಳಿಕೊಂಡಿದ್ದೆವು, ಅಷ್ಟೇ.

"ಹಿಂದೆ ಇದ್ದ ಒಬ್ಬ ಮೇಡಂ ಪಿಟೆನ್ ಹಾಕಿ ನೋಡ್ತಿದ್ರು. ಹಾಕಿ ನೋಡೋಣ್ವಾ?" ಎಂದರು. ಎಷ್ಟು ಸರಳ, ಎಷ್ಟು ಖಚಿತ ಪರೀಕ್ಷೆ! ಪಿಟೆನ್ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನು. ಎಲ್‌ಎನ್‌ಕ್ಯಾಪ್‌ನಲ್ಲಿ ಆ ಜೀನಿನ ಒಂದು ಪ್ರತಿ ಅಳಿದುಹೋಗಿದೆ, ಇನ್ನೊಂದರಲ್ಲಿ ಎರಡು ಅಕ್ಷರ ಬಿದ್ದುಹೋಗಿ ಓದಲು ಬಾರದಂತಾಗಿದೆ. 22ಆರ್‌ವಿ1ರಲ್ಲಿ ಪಿಟೆನ್ ಚೆನ್ನಾಗಿಯೇ ಇದೆ. ಅಳಿದ ಜೀನು ಯಾವ ಔಷಧಿ ಕೊಟ್ಟರೂ ಮರಳಿ ಬರುವುದಿಲ್ಲ. ನಮ್ಮ ಕೋಶದಲ್ಲಿ 54 ಕಿಲೋಡಾಲ್ಟನ್ ಹತ್ತಿರ ಪಟ್ಟಿ ಬಂತೆಂದರೆ ಅದು ಬೇರೆಯವರ ಕೋಶ.

ಜೆಲ್‌ನಲ್ಲಿ ಮೂರು ಲೇನ್ (ಸಾಲು), ತಲಾ 30 ಮೈಕ್ರೋಗ್ರಾಂ ಪ್ರೋಟೀನು, 10% ಜೆಲ್. ಓಡಲು ಎರಡು ಗಂಟೆ. ಮೆಥನಾಲ್‌ನಲ್ಲಿ ಅದ್ದಿದ ಪಿವಿಡಿಎಫ್ ಪೊರೆಗೆ ಕೋಲ್ಡ್ ರೂಮಿನಲ್ಲಿ 100 ವೋಲ್ಟ್‌ಗೆ ಒಂದೂವರೆ ಗಂಟೆ ಟ್ರಾನ್ಸ್‌ಫರ್. 5% ಹಾಲಿನ ಪುಡಿಯಲ್ಲಿ ಒಂದು ಗಂಟೆ ಬ್ಲಾಕ್. ಪ್ರೈಮರಿ ಆಂಟಿಬಾಡಿಯನ್ನು ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಡುವುದು ರೂಢಿ. ಅಂದು ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ, ಹೊರಗೇ ಎರಡು ಗಂಟೆ ಇಟ್ಟೆವು. ಊರಿಗೆ ಹೋಗುವ ಕೊನೆಯ ಬಸ್ಸು ಒಂಬತ್ತೂವರೆಗೆ. ಅಣ್ಣ ಮನೆಗೆ ಒಂದು ಫೋನ್ ಮಾಡಿ ಬಂದು, ಪೊರೆಯ ಡಬ್ಬಿಯನ್ನು ರಾಕರ್ ಮೇಲಿಟ್ಟರು.

ರಾತ್ರಿ ಎರಡೂವರೆಗೆ ಚಿತ್ರ ಬಂತು. ಮೊದಲ ಲೇನ್, ಮೂಲ ಎಲ್‌ಎನ್‌ಕ್ಯಾಪ್: ಖಾಲಿ. ಎರಡನೆಯದು, 22ಆರ್‌ವಿ1: ದಟ್ಟ ಪಟ್ಟಿ. ಮೂರನೆಯದು, ನಮ್ಮದು: ಅಷ್ಟೇ ದಟ್ಟ ಪಟ್ಟಿ.

ಹನ್ನೊಂದು ತಿಂಗಳ ಕೆಲಸ. ಯಾರಿಗೂ ಮಾತು ಹೊರಡಲಿಲ್ಲ. ಒಬ್ಬರು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಈಗ ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಅಣ್ಣ ಸಮಾಧಾನ ಹೇಳಲಿಲ್ಲ. ಗ್ಲೌಸ್ ಬದಲಿಸಿಕೊಂಡು, ತೆರೆದಿದ್ದ ಪ್ರತಿ ಮೀಡಿಯಾ ಬಾಟಲಿ, ಸೀರಂ, ಟ್ರಿಪ್ಸಿನ್, ಎಲ್ಲವನ್ನೂ ಹೊರಗೆ ತೆಗೆದರು. ಆ ಕೋಶಗಳ ಫ್ಲಾಸ್ಕುಗಳಿಗೆಲ್ಲ ಬ್ಲೀಚ್ ಸುರಿದು ಅರ್ಧ ಗಂಟೆ ಬಿಟ್ಟರು. ಲೈಸೇಟ್ (ಕೋಶ ಒಡೆದು ತೆಗೆದ ಪ್ರೋಟೀನಿನ ದ್ರವ) ಮಾತ್ರ ಎಸೆಯಬೇಡಿ, ಮುಂದೆ ತೋರಿಸಲು ಬೇಕಾಗುತ್ತದೆ ಎಂದು ಪಕ್ಕಕ್ಕಿಟ್ಟರು. ಕೋಶಗಳ ಕೆಲಸ ಮಾಡುವ ಶುದ್ಧ ಗಾಳಿಯ ಹುಡ್ ಒರೆಸಿ, ಇನ್‌ಕ್ಯುಬೇಟರಿನ ತಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ 70% ಆಲ್ಕೋಹಾಲಿನಲ್ಲಿ ತೊಳೆದರು. ಬೆಳಗಿನ ಜಾವ ಐದಕ್ಕೆ, "ಟ್ಯಾಂಕಿನಲ್ಲಿ ಪಾಸೇಜ್ 22ರ ವಯಲ್ ಇದೆ, ನಾನೇ ಇಟ್ಟಿದ್ದು. 22ಆರ್‌ವಿ1 ಈ ರೂಮಿಗೆ ಬರೋಕೆ ಮುಂಚೆದು" ಎಂದರು. ವಯಲ್ ಎಂದರೆ ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟ ಸಣ್ಣ ಸೀಸೆ; ಪಾಸೇಜ್ ಎಂದರೆ ಹೊಸ ಫ್ಲಾಸ್ಕಿಗೆ ಎಷ್ಟನೇ ಸಲ ಬದಲಿಸಿದ್ದು ಎಂಬ ಲೆಕ್ಕ.

ಆ ವಯಲ್ಲನ್ನು ಅವರು ಕರಗಿಸಿದ ರೀತಿಯನ್ನು ಇಲ್ಲಿ ಬರೆದಿಡಬೇಕು. 37 ಡಿಗ್ರಿ ನೀರಿನಲ್ಲಿ, ಮುಚ್ಚಳ ನೀರಿಗೆ ತಾಗದಂತೆ, ಒಂದು ಸಣ್ಣ ಮಂಜಿನ ಚೂರು ಉಳಿಯುವವರೆಗೆ ಮಾತ್ರ. ಪೂರ್ತಿ ಕರಗಲು ಬಿಟ್ಟರೆ ಹೆಪ್ಪುಗಟ್ಟಿಸುವಾಗ ಹಾಕಿದ ಡಿಎಂಎಸ್‌ಒ ದ್ರಾವಕ ಬೆಚ್ಚಗಾಗಿ ಕೋಶಕ್ಕೆ ವಿಷ. ಹೊರಗೆ ಒರೆಸಿ, 9 ಮಿಲಿಲೀಟರ್ ಬೆಚ್ಚನೆಯ ಮೀಡಿಯಾಗೆ ಹನಿಹನಿಯಾಗಿ ಬಿಟ್ಟು, 200 ಜಿ ಬಲದಲ್ಲಿ ಐದು ನಿಮಿಷ ತಿರುಗಿಸಿ, ಮೇಲಿನ ದ್ರವ ತೆಗೆದು, ಕೋಶ ಅಂಟಿಕೊಳ್ಳಲೆಂದು ಪಾಲಿ-ಎಲ್-ಲೈಸಿನ್ ಸವರಿದ ಸಣ್ಣ ಫ್ಲಾಸ್ಕಿಗೆ ಹಾಕಿದರು. "ಎರಡು ದಿನ ಇದನ್ನ ಯಾರೂ ಮುಟ್ಟಬಾರದು, ಬಾಗಿಲು ತೆಗೆದು ನೋಡೋದೂ ಬೇಡ" ಎಂದು ಚೀಟಿ ಅಂಟಿಸಿ, ಆರೂಕಾಲಿನ ಬಸ್ಸಿಗೆ ಹೊರಟರು.

ಹತ್ತು ದಿನ ಬಿಟ್ಟು ಬಂದ ಎಸ್‌ಟಿಆರ್ (ಕೋಶದ ಡಿಎನ್‌ಎ ಗುರುತು) ವರದಿಯೂ ಅದನ್ನೇ ಹೇಳಿತು. ಮೀಡಿಯಾ ಬಾಟಲಿಯೊಂದನ್ನು ಎರಡು ಬೆಂಚಿನವರೂ ಬಳಸಿದ್ದರಿಂದ ಹೀಗಾಗಿರಬೇಕು. ಒಂದು ಪಿಪೆಟ್ ತುದಿಯಲ್ಲಿ ಹೋದ ಬೆರಳೆಣಿಕೆಯ ಕೋಶಗಳು ಸಾಕು. ಔಷಧಿಯಿಲ್ಲದ ಫ್ಲಾಸ್ಕಿನಲ್ಲಿ ಅವು ಮೇಲುಗೈ ಪಡೆಯಲು ಕಾಲ ಬೇಕು. ಔಷಧಿ ಇದ್ದಲ್ಲಿ ಎಲ್‌ಎನ್‌ಕ್ಯಾಪ್ ನಿಂತುಬಿಡುತ್ತದೆ, ವಿ7 ಇರುವವು ಬೆಳೆಯುತ್ತವೆ, ಕೆಲವೇ ವಾರಗಳಲ್ಲಿ ಇಡೀ ಫ್ಲಾಸ್ಕು ಅವುಗಳದೇ. ಆರಿಸಿಕೊಟ್ಟದ್ದು ನಾವು ಹಾಕಿದ ಎಂಜಲುಟಮೈಡೇ. ರೋಗಿಯ ದೇಹದಲ್ಲೂ ಬಹುಮಟ್ಟಿಗೆ ಹೀಗೆಯೇ ಅಲ್ಲವೇ? ಹಾರ್ಮೋನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ಹಗ್ಗಿನ್ಸ್ ಮತ್ತು ಹಾಡ್ಜಸ್ 1941ರಲ್ಲೇ ತೋರಿಸಿದ್ದರು. ಕುಗ್ಗಿ ಮತ್ತೆ ಬರುವುದು ಯಾಕೆಂದು ಹುಡುಕುವ ಕೆಲಸ ಇಂದಿಗೂ ಮುಗಿದಿಲ್ಲ. ಉಳಿದುಕೊಂಡ ಕೆಲವೇ ಕೋಶಗಳು ಎಂಬ ಮಾತನ್ನು ಎಷ್ಟು ಸಲ ಓದಿದ್ದೆವೋ. ಅದರ ಅರ್ಥ ಆದದ್ದು ಆ ಮೂರನೇ ಲೇನ್ ನೋಡಿದಾಗ.

ಅಣ್ಣ ಎಬ್ಬಿಸಿಕೊಟ್ಟ ಕೋಶಗಳಿಂದ ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಈ ಸಲ ಎಆರ್-ವಿ7 ಬರಲೇ ಇಲ್ಲ. ಬಂದದ್ದು ಕಾರ್ಟಿಸೋಲ್‌ನಂಥ ಸ್ಟೀರಾಯ್ಡ್ ಹಾರ್ಮೋನುಗಳನ್ನು ಹಿಡಿಯುವ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ. ಆಂಡ್ರೊಜೆನ್ ಗ್ರಾಹಕದ ದಾರಿ ಮುಚ್ಚಿದಾಗ ಅದರ ಈ ಸೋದರ ಗ್ರಾಹಕ ಹೆಚ್ಚಾಗಿ, ಅದೇ ಜೀನುಗಳಲ್ಲಿ ಒಂದಷ್ಟನ್ನು ನಡೆಸಬಲ್ಲದೆಂದು ಚಾರ್ಲ್ಸ್ ಸಾಯರ್ಸ್ ತಂಡ 2013ರಲ್ಲಿ ತೋರಿಸಿತ್ತು. ತಪ್ಪು ಕೋಶಗಳನ್ನು ನಂಬಿ ಮುಂದೆ ಹೋಗಿದ್ದರೆ ಇದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ಇಲ್ಲೊಂದು ಮಾತು, ಮನೆಯಲ್ಲಿ ಈ ಕಾಯಿಲೆ ಇರುವವರಿಗಾಗಿ: ಪ್ರೆಡ್ನಿಸೋಲೋನ್ ಈ ಗ್ರಾಹಕವನ್ನೇ ಹಿಡಿಯುವ ಸ್ಟೀರಾಯ್ಡ್ ಆದರೂ, ಅಬಿರಾಟೆರೋನ್ ಜೊತೆ ಅದನ್ನು ಕೊಡುವುದಕ್ಕೆ ಗಟ್ಟಿ ಕಾರಣವಿದೆ. ಅದಿಲ್ಲದಿದ್ದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯಬಹುದು. ಫ್ಲಾಸ್ಕಿನ ಫಲಿತಾಂಶ ಓದಿ ದಯವಿಟ್ಟು ಯಾರೂ ಮಾತ್ರೆ ನಿಲ್ಲಿಸಬೇಡಿ.

ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರ್ ಒಬ್ಬರು ಒಂದು ಮಧ್ಯಾಹ್ನ ಕೂತು ಲುಟೇಷಿಯಂ-177 ಚಿಕಿತ್ಸೆ ವಿವರಿಸಿದರು. ಕೋಶದ ಹೊರಪೊರೆಯ ಪಿಎಸ್‌ಎಂಎ ಎಂಬ ಪ್ರೋಟೀನನ್ನು ಹಿಡಿದು ಒಳಗೆ ವಿಕಿರಣ ಒಯ್ಯುವ ಔಷಧಿ, 7.4 ಗಿಗಾಬೆಕ್ವೆರೆಲ್‌ನಂತೆ ಆರು ವಾರಕ್ಕೊಮ್ಮೆ, ಹೆಚ್ಚೆಂದರೆ ಆರು ಸಲ. ಗ್ರಾಹಕ ಯಾವ ವೇಷ ಹಾಕಿದರೂ ಈ ಗುರಿ ಬೇರೆಯೇ. ನಮ್ಮ ಕೊನೆಯ ಅಧ್ಯಾಯದ ದಿಕ್ಕು ಅಲ್ಲಿಂದಲೇ ಬಂತು. ಯುಎಎಲ್‌ಕ್ಯಾನ್ ಎಂಬ ಉಚಿತ ಜಾಲತಾಣ ಇಲ್ಲದಿದ್ದರೆ ಟ್ಯೂಮರುಗಳ ಮಾಹಿತಿ ಜಾಲಾಡಲು ಇನ್ನೊಂದು ವರ್ಷ ಬೇಕಿತ್ತು. ಅದನ್ನು ಪರಿಚಯಿಸಿದ 2017ರ ಲೇಖನದ ಕರ್ತೃಗಳಲ್ಲಿ ದರ್ಶನ್ ಶಿಮೊಗ್ಗ ಚಂದ್ರಶೇಖರ್, ಸೂರ್ಯನಾರಾಯಣ ವಾರಂಬಳ್ಳಿ ಎಂಬ ಹೆಸರುಗಳಿವೆ. ನಮ್ಮ ಕಡೆಯ ಊರುಗಳ ಹೆಸರನ್ನು ಅಲ್ಲಿ ಓದಿದಾಗ ಆದ ಖುಷಿಯನ್ನೂ ಹೇಳಿಬಿಡುತ್ತೇವೆ.

ಬಯಾಪ್ಸಿಯಲ್ಲಿ ಉಳಿದ ಚೂರನ್ನು ಸಂಶೋಧನೆಗೆ ಬಳಸಿಕೊಳ್ಳಿ ಎಂದು ಸಹಿ ಹಾಕಿದವರು ನಮಗೆ ಬರೀ ಸಂಖ್ಯೆಗಳಾಗಿ ಬಂದರು, ಹಾಗೆಯೇ ಬರಬೇಕಿತ್ತು. ಅವರಲ್ಲಿ ಕೆಲವರು ಈಗಿಲ್ಲ. ಅವರ ಮನೆಯವರಿಗೆ ಕೈಮುಗಿಯುತ್ತೇವೆ.

ಲ್ಯಾಬಿಗೆ ಹೊಸದಾಗಿ ಬರುವವರಿಗೆ: ಹುಡ್‌ನಲ್ಲಿ ಒಂದು ಹೊತ್ತಿಗೆ ಒಂದೇ ಜಾತಿಯ ಕೋಶ. ಬೆಳಗ್ಗೆ ಮೊದಲು ಎಲ್‌ಎನ್‌ಕ್ಯಾಪ್, ವೇಗವಾಗಿ ಬೆಳೆಯುವವು ಕೊನೆಗೆ, ನಡುವೆ ಒರೆಸಿ ಹದಿನೈದು ನಿಮಿಷ ಬಿಡುವು. ಪ್ರತಿ ಜಾತಿಗೂ ಅದರದೇ ಬಾಟಲಿ, ಮುಚ್ಚಳದ ಮೇಲೆ ಬಣ್ಣದ ಟೇಪು. ಹತ್ತು ಪಾಸೇಜಿಗೊಮ್ಮೆ ಪಿಟೆನ್ ಬ್ಲಾಟ್, ಹೊಸ ಲೈನ್ ಮಾಡಿದರೆ ಎಸ್‌ಟಿಆರ್. ಟ್ಯಾಂಕಿನ ಮೂರನೇ ರ‍್ಯಾಕ್, ಎರಡನೇ ಪೆಟ್ಟಿಗೆಯಲ್ಲಿ ಅಣ್ಣ ಹೊಸದಾಗಿ ಹನ್ನೆರಡು ವಯಲ್ ಇಟ್ಟಿದ್ದಾರೆ, ಪಾಸೇಜ್ 24, ತಾರೀಖು ಅವರ ಅಕ್ಷರದಲ್ಲೇ ಇದೆ. ತೆಗೆಯುವ ಮುಂಚೆ ಅವರನ್ನೊಂದು ಮಾತು ಕೇಳಿ.